ಮನೆಮಂದಿಗೂ ನೀರಾಟಕ್ಕೂ ಒಂದೇ ದೋಣಿ: ಯಾವ ಬಗೆಯದನ್ನು ಆರಿಸಬೇಕು?

ಕೇಳಿದವರು: ತೀರದಾರಿ

ಎಲ್ಲರಿಗೂ ನಮಸ್ಕಾರ.

ನಮ್ಮದು 6 ಮಂದಿಯ ಕುಟುಂಬ: ನಾವು ದಂಪತಿ, 14 ಮತ್ತು 10 ವರ್ಷದ ಇಬ್ಬರು ಮಕ್ಕಳು, 70 ದಾಟಿರುವ ನನ್ನ ತಂದೆ-ತಾಯಿ. ಇದುವರೆಗೆ ಬಾಡಿಗೆಯ ದೋಣಿಗಳಲ್ಲಿಯೇ ನೀರಿಗಿಳಿಯುತ್ತಿದ್ದ ನಾವು ಈಗ ಸ್ವಂತಕ್ಕೊಂದು ಮೋಟಾರು ದೋಣಿಯನ್ನು ಕೊಳ್ಳಲು ನಿರ್ಧರಿಸಿದ್ದೇವೆ. ನಾವು ಹೋಗುವುದು ಸಿಹಿನೀರಿನ ದೊಡ್ಡ ಸರೋವರಕ್ಕೆ. ಬೆಳಗಿನ ಹೊತ್ತು ನೀರು ನಿಶ್ಚಲವಾಗಿರುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ಬೀಸತೊಡಗಿ ಅರ್ಧ ಮೀಟರಿನಷ್ಟು ಎತ್ತರದ ಅಲೆಗಳೂ ಏಳುತ್ತವೆ.

ತೊಡಕಿರುವುದು ಮನೆಯವರ ಬಯಕೆಗಳಲ್ಲಿ. ದೊಡ್ಡ ಮಗಳಿಗೆ, ಹಲಗೆಯ ಮೇಲೆ ನಿಂತು ಹಗ್ಗ ಹಿಡಿದು ದೋಣಿಯ ಹಿಂದೆ ಎಳೆಸಿಕೊಳ್ಳುವ ವೇಕ್‌ಬೋರ್ಡಿಂಗ್ ತಕ್ಕಮಟ್ಟಿಗೆ ಕೈವಶವಾಗಿದೆ. ವೇಕ್‌ಸರ್ಫಿಂಗ್ ಕಲಿಯಬೇಕೆಂಬ ಆಸೆಯೂ ಅವಳಿಗಿದೆ. ಚಿಕ್ಕವನಿಗೆ ಗಾಳಿ ತುಂಬಿದ ಟ್ಯೂಬಿನ ಮೇಲೆ ಮಲಗಿ ಎಳೆಸಿಕೊಳ್ಳುವುದೇ ಹಬ್ಬ. ನನ್ನ ಪತ್ನಿಗೆ ಇಷ್ಟವಾದದ್ದು ವಾಟರ್ ಸ್ಕೀಯಿಂಗ್. ತಂದೆ-ತಾಯಿಗೆ ನೆರಳಿರಬೇಕು, ಹತ್ತಿ ಇಳಿಯುವುದು ಸುಲಭವಾಗಿರಬೇಕು, ಕುಳಿತಲ್ಲಿ ಬೆನ್ನಿಗೆ ಆಸರೆ ಇರಬೇಕು. ದೋಣಿಯನ್ನು ಟ್ರೇಲರಿನ ಮೇಲಿಟ್ಟು ನಮ್ಮ ಕಾರಿನ ಹಿಂದೆಯೇ ಕಟ್ಟಿಕೊಂಡು ಹೋಗುವ ಯೋಚನೆಯಿದ್ದು, ಕಾರಿನ ಎಳೆಯುವ ಮಿತಿ 2,000 ಕಿಲೊ ಎಂದು ಅದರ ಕೈಪಿಡಿಯಲ್ಲಿದೆ.

ಮುಂಭಾಗದಲ್ಲಿಯೂ ಆಸನಗಳಿರುವ ಬೌರೈಡರ್, ಜೆಟ್ ದೋಣಿ, ವೇಕ್‌ಬೋರ್ಡಿಂಗ್‌ಗೆಂದೇ ಕಟ್ಟಿದ ವಿ-ಡ್ರೈವ್ ದೋಣಿ, ಮೂರು ಅಲ್ಯೂಮಿನಿಯಂ ಕೊಳವೆಗಳ ಮೇಲೆ ತೇಲುವ ಪಾಂಟೂನ್ ಎಂಬ ನಾಲ್ಕು ಬಗೆಗಳನ್ನು ನೋಡಿ ಬಂದಿದ್ದೇವೆ. ಮಾರುವವರು ಪ್ರತಿಯೊಂದನ್ನೂ "ಎಲ್ಲದಕ್ಕೂ ಆಗುತ್ತದೆ" ಎಂದೇ ಹೇಳುತ್ತಾರೆ. ಈ ನಾಲ್ಕರಲ್ಲಿ ಯಾವುದು ಯಾವುದಕ್ಕೆ ಆಗುವುದಿಲ್ಲ ಎಂಬುದನ್ನು ಬಲ್ಲವರು ತಿಳಿಸಿಕೊಟ್ಟರೆ ನಮಗೆ ದೊಡ್ಡ ಉಪಕಾರವಾಗುತ್ತದೆ.

ಉತ್ತರ: ಚುಕ್ಕಾಣಿ

ತೀರದಾರಿಯವರೇ, ನಿಮ್ಮ ಪ್ರಶ್ನೆಯಲ್ಲಿ ಮೊದಲು ಬಿಡಿಸಬೇಕಾದ ಗಂಟು ವೇಕ್‌ಸರ್ಫಿಂಗ್. ಉಳಿದ ಆಟಗಳಲ್ಲೆಲ್ಲ ಹೊಂದಾಣಿಕೆಗೆ ಜಾಗವಿದೆ, ಇದೊಂದರಲ್ಲಿ ಇಲ್ಲ. ಸರ್ಫ್ ಮಾಡುವವರು ಹಗ್ಗ ಹಿಡಿದು ಎದ್ದು ನಿಂತ ಮೇಲೆ ಹಗ್ಗವನ್ನು ಬಿಟ್ಟು, ದೋಣಿಯ ಹಿಂಬದಿಗೆ ಕೆಲವೇ ಮೀಟರ್ ದೂರದಲ್ಲಿ, ಅಲೆಯ ಇಳಿಜಾರಿನ ಮೇಲೆ ಜಾರುತ್ತಿರುತ್ತಾರೆ. ಅಲ್ಲಿ ಬಿದ್ದರೆ ಅಲೆಯ ಸೆಳೆತ ಅವರನ್ನು ದೋಣಿಯತ್ತಲೇ ತಳ್ಳಬಹುದು. ದೋಣಿಯ ಹಿಂದೆ ಹೊರಗಡೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ನಿನಲ್ಲಾಗಲಿ, ಎಂಜಿನ್ ಒಳಗಿದ್ದು ಪ್ರೊಪೆಲ್ಲರಿನ ಘಟಕ ಮಾತ್ರ ಹಿಂದೆ ಹೊರಚಾಚಿರುವ ಸಾಮಾನ್ಯ ಸ್ಟರ್ನ್‌ಡ್ರೈವ್‌ನಲ್ಲಾಗಲಿ ಪ್ರೊಪೆಲ್ಲರ್ ದೋಣಿಯ ಹಿಂಗೋಡೆಯನ್ನು ದಾಟಿ ಹೊರಗೆ ತಿರುಗುತ್ತಿರುತ್ತದೆ. ಆದ್ದರಿಂದ ಆ ಎರಡು ಬಗೆಯ ದೋಣಿಗಳ ಹಿಂದೆ ವೇಕ್‌ಸರ್ಫಿಂಗ್ ಮಾಡಲೇಬಾರದು. ನಿಧಾನವಾಗಿ ಹೋಗುತ್ತೇವೆ, ಎಚ್ಚರಿಕೆಯಿಂದ ನಡೆಸುತ್ತೇವೆ ಎಂಬ ಯಾವ ಸಮಾಧಾನವೂ ಇಲ್ಲಿ ಒಪ್ಪತಕ್ಕದ್ದಲ್ಲ.

ವಿ-ಡ್ರೈವ್ ದೋಣಿಯಲ್ಲಿ ಎಂಜಿನ್ ಹಿಂಭಾಗದಲ್ಲಿದ್ದರೂ ಅದರ ಶಾಫ್ಟು ಮೊದಲು ಮುಂದಕ್ಕೆ ಬಂದು, ಗೇರ್ ಪೆಟ್ಟಿಗೆಯಲ್ಲಿ ತಿರುಗಿ, ಮತ್ತೆ ಹಿಂದಕ್ಕೆ ಇಳಿದು ತಳದ ಅಡಿಯಿಂದ ಹೊರಬರುತ್ತದೆ. ಪ್ರೊಪೆಲ್ಲರ್ ಹಿಂಬದಿಯ ಜಗಲಿಗಿಂತ ಸಾಕಷ್ಟು ಮುಂದೆ, ದೋಣಿಯ ಹೊಟ್ಟೆಯ ಕೆಳಗೆ ಉಳಿಯುತ್ತದೆ. ಸರ್ಫಿಂಗ್‌ಗೆ ಅದು ತಕ್ಕದ್ದಾಗುವುದಕ್ಕೆ ಮೊದಲ ಕಾರಣವೇ ಇದು. ಪ್ರೊಪೆಲ್ಲರ್ ಮುಂದಕ್ಕೆ ಮುಖ ಮಾಡಿರುವ ಸ್ಟರ್ನ್‌ಡ್ರೈವ್‌ಗಳೂ ಈಗ ಇವೆ. 2015ರಲ್ಲಿ ವೋಲ್ವೋ ಪೆಂಟಾ ಎಂಬ ಎಂಜಿನ್ ಕಂಪನಿ ಇಂಥದ್ದೊಂದನ್ನು ಮಾರುಕಟ್ಟೆಗೆ ತಂದ ಮೇಲೆ ಬೌರೈಡರ್ ಆಕಾರದ ದೋಣಿಗಳಲ್ಲಿಯೂ ಸರ್ಫಿಂಗ್ ಸಾಧ್ಯವಾಯಿತು. ಜೆಟ್ ದೋಣಿಗೆ ಹೊರಗೆ ತಿರುಗುವ ಪ್ರೊಪೆಲ್ಲರೇ ಇಲ್ಲ, ನಿಜ. ಆದರೆ ಅದು ಸಾಮಾನ್ಯವಾಗಿ ಹಗುರ. ಹಗುರವಾದ ದೋಣಿ ಸರ್ಫಿಂಗ್‌ಗೆ ಬೇಕಾದಷ್ಟು ದಪ್ಪದ ಅಲೆಯನ್ನು ಎಬ್ಬಿಸುವುದು ಕಷ್ಟ.

ಇನ್ನು ಆಟಗಳ ನಡುವಿನ ವಿರೋಧವನ್ನು ನೋಡೋಣ. ಒಂದೇ ಸ್ಕೀ ಮೇಲೆ ತಿರುವು ಹೊಡೆಯುವ ಸ್ಲಾಲಂಗೆ ದೋಣಿಯ ಹಿಂದಿನ ಅಲೆ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಸ್ಪರ್ಧೆಗಳಲ್ಲಿ ದೋಣಿಯ ಗರಿಷ್ಠ ವೇಗ ಪುರುಷರಿಗೆ ಗಂಟೆಗೆ 58 ಕಿಲೊಮೀಟರ್, ಮಹಿಳೆಯರಿಗೆ 55. ಮನೆಮಂದಿಯ ಸ್ಕೀಯಿಂಗ್‌ಗೆ ಇದಕ್ಕಿಂತ ಬಹಳ ಕಡಿಮೆ ವೇಗ ಸಾಕು. ವೇಕ್‌ಬೋರ್ಡಿಂಗ್‌ಗೆ ಎರಡೂ ಬದಿಗೆ ಚೂಪಾಗಿ ಎದ್ದ ಅಲೆ ಬೇಕು, ವೇಗ 29ರಿಂದ 37ರವರೆಗೆ. ಸರ್ಫಿಂಗ್‌ಗೆ ಒಂದೇ ಬದಿಗೆ ಎತ್ತರವಾಗಿ, ಉದ್ದವಾಗಿ ನಿಲ್ಲುವ ಅಲೆ ಬೇಕು, ವೇಗ 16ರಿಂದ 20. ಹೀಗಾಗಿ ಸರ್ಫಿಂಗ್‌ಗೆ ಅತ್ಯುತ್ತಮವಾದ ತಳ ಸ್ಕೀಯಿಂಗ್‌ಗೆ ಅತ್ಯುತ್ತಮವಾಗಲು ಸಾಧ್ಯವೇ ಇಲ್ಲ. ಟ್ಯೂಬಿಗೆ ಯಾವ ದೋಣಿಯಾದರೂ ಆದೀತು.

ನಿಮ್ಮ ಸರೋವರದಲ್ಲಿ ಅರ್ಧ ಮೀಟರಿನ ಅಲೆ ಏಳುತ್ತದೆ ಎಂದಿದ್ದೀರಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಯುರೋಪಿನ ನಿಯಮದಂತೆ ದೋಣಿಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಾರೆ. ಡಿ ವರ್ಗ 0.3 ಮೀಟರ್ ಅಲೆಗೆ, ಆಗೊಮ್ಮೆ ಈಗೊಮ್ಮೆ ಬರುವ 0.5 ಮೀಟರ್ ಅಲೆಗೆ ಮಾತ್ರ. ಸಿ ವರ್ಗ 2 ಮೀಟರ್ ಅಲೆಯವರೆಗೆ, ಗಾಳಿಯ ಬಲವನ್ನು ಅಳೆಯುವ ಬ್ಯೂಫೋರ್ಟ್ ಮಾನದ 6ನೇ ಬಲದವರೆಗೆ. ನಿಮಗೆ ಸಿ ವರ್ಗದ ದೋಣಿಯೇ ಬೇಕು. ಅದರ ಫಲಕದಲ್ಲಿ ಬರೆದಿರುವ ಜನರ ಸಂಖ್ಯೆಯನ್ನೂ ಗಮನಿಸಿ: 6 ಮಂದಿಯ ಕುಟುಂಬಕ್ಕೆ 6 ಮಂದಿಯ ದೋಣಿ ಸಾಲುವುದಿಲ್ಲ. ಬೋರ್ಡು, ಟ್ಯೂಬು, ಒದ್ದೆ ಬಟ್ಟೆ, ಬುತ್ತಿ, ಮಕ್ಕಳ ಒಬ್ಬ ಗೆಳೆಯ ಎಲ್ಲ ಸೇರಿದಾಗ 8 ಮಂದಿಗೆ ಮಾನ್ಯವಾದ ದೋಣಿಯಲ್ಲಿ ಮಾತ್ರ ಕಾಲು ಚಾಚಲು ಜಾಗ ಉಳಿಯುತ್ತದೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಸುಮಾರು 6 ಮೀಟರ್ ಉದ್ದದ, 150ರಿಂದ 200 ಅಶ್ವಶಕ್ತಿಯ ಔಟ್‌ಬೋರ್ಡ್ ಇರುವ ಬೌರೈಡರನ್ನು ನೋಡಿ, ಹಗ್ಗವನ್ನು ಎತ್ತರದಲ್ಲಿ ಕಟ್ಟಲು ಒಂದು ಟವರ್ ಹಾಕಿಸಿಕೊಳ್ಳಿ. ಟವರಿನ ಮೇಲೆ ಬಟ್ಟೆಯ ಚಾವಣಿ ಬಂದರೆ ನಿಮ್ಮ ತಂದೆ-ತಾಯಿಗೆ ನೆರಳೂ ಆಯಿತು. ವೇಕ್‌ಬೋರ್ಡಿಂಗ್, ಸ್ಕೀಯಿಂಗ್, ಟ್ಯೂಬ್ ಮೂರೂ ಇದರಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಸರ್ಫಿಂಗನ್ನು ಮಗಳು ತರಬೇತಿ ಕೇಂದ್ರದ ದೋಣಿಯ ಹಿಂದೆ ಕಲಿಯಲಿ.

ಉತ್ತರ: ಅಲೆಸವಾರ

ಚುಕ್ಕಾಣಿಯವರು ಸುರಕ್ಷತೆಯ ಬಗ್ಗೆ ಹೇಳಿದ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಅವರು ತಲುಪಿದ ತೀರ್ಮಾನವನ್ನು ಒಪ್ಪಲು ಮನಸ್ಸಾಗುತ್ತಿಲ್ಲ. 14 ವರ್ಷದ ಹುಡುಗಿಗೆ ಆಟದ ಹುಮ್ಮಸ್ಸು ಈಗ ಇದೆ. ಮಕ್ಕಳು ಮನೆಯವರೊಂದಿಗೆ ರಜೆಯ ದಿನಗಳನ್ನು ಕಳೆಯಲು ಒಪ್ಪುವ ವರ್ಷಗಳು ಬಹಳ ಇರುವುದಿಲ್ಲ; ಅವರನ್ನು ಆ ದೋಣಿಗೆ ಕರೆತರುವುದು ಅವರಿಗಿಷ್ಟವಾದ ಆಟವೇ. ಸರ್ಫಿಂಗ್‌ನಲ್ಲಿ ವೇಗ ಕಡಿಮೆ, ಬಿದ್ದರೆ ನೋವು ಕಡಿಮೆ, ಆದ್ದರಿಂದ ವಯಸ್ಸಾದವರೂ ಅದನ್ನು ಕಲಿಯುವುದನ್ನು ನಾನು ಕಂಡಿದ್ದೇನೆ. ನೋಡುವವರಿಗೂ ಅದು ಹತ್ತಿರದ ಆಟ: ಅಜ್ಜ-ಅಜ್ಜಿ ಹಿಂದಿನ ಆಸನದಲ್ಲಿ ಕುಳಿತು ಮೊಮ್ಮಗಳೊಂದಿಗೆ ಮಾತನಾಡುವಷ್ಟು ಹತ್ತಿರ. ಹಗ್ಗದ 20 ಮೀಟರ್ ಆಚೆ ಚುಕ್ಕಿಯಾಗಿ ಕಾಣುವ ವೇಕ್‌ಬೋರ್ಡಿಂಗ್‌ನಲ್ಲಿ ಆ ಸುಖವಿಲ್ಲ.

ಹಾಗೆಂದು ವಿ-ಡ್ರೈವ್ ದೋಣಿಯ ಹೊರೆಯನ್ನು ಮುಚ್ಚಿಡಬಾರದು. ದೊಡ್ಡ ಅಲೆ ಏಳಬೇಕಾದರೆ ದೋಣಿ ನೀರಿನಲ್ಲಿ ಆಳವಾಗಿ ಕೂರಬೇಕು. ಅದಕ್ಕೆಂದೇ ತಳದ ತೊಟ್ಟಿಗಳಿಗೆ ಸರೋವರದ ನೀರನ್ನು ಪಂಪು ಮಾಡಿ ತುಂಬುತ್ತಾರೆ. ಒಂದು ಲೀಟರಿಗೆ ಒಂದು ಕಿಲೊ ಎಂಬ ಲೆಕ್ಕದಲ್ಲಿ, ದೊಡ್ಡ ದೋಣಿಗಳಲ್ಲಿ ಈ ನೀರಿನ ತೂಕವೇ ಒಂದು ಟನ್ನನ್ನು ದಾಟುತ್ತದೆ. ಆ ತೂಕವನ್ನು ಎಳೆಯಲು ಎಂಜಿನ್ ದುಡಿಯುವುದರಿಂದ ಇಂಧನ ಧಾರಾಳವಾಗಿ ಖರ್ಚಾಗುತ್ತದೆ. ಕಾರ್ಖಾನೆಯವರು ಅಳವಡಿಸಿದ ತೊಟ್ಟಿಗಳ ಆಚೆಗೆ ಚೀಲಗಳಲ್ಲಿ ನೀರು ತುಂಬಿಟ್ಟರೆ ಆ ತೂಕವನ್ನು ಜನರ ಲೆಕ್ಕದಿಂದ ಕಳೆಯಲೇಬೇಕು. ಇನ್ನೊಂದು ಅಪಾಯವಿದೆ: ತೊಟ್ಟಿಗಳು ತುಂಬಿರುವಾಗ, ಮುಂಭಾಗದ ಆಸನಗಳಲ್ಲಿ ಜನ ಕುಳಿತಿರುವಾಗ ದೋಣಿಯನ್ನು ಥಟ್ಟನೆ ನಿಧಾನಿಸಿದರೆ ಮುಂಭಾಗ ತಗ್ಗುತ್ತದೆ. ಎದುರಿನಿಂದ ಬರುವ ಅಲೆ, ಅನೇಕ ವೇಳೆ ತನ್ನದೇ ಹಳೆಯ ಅಲೆ, ಆ ತೆರೆದ ಮುಂಭಾಗದಿಂದ ನೇರವಾಗಿ ಒಳನುಗ್ಗುತ್ತದೆ. ಬಿದ್ದವರನ್ನು ಕರೆದುಕೊಳ್ಳಲು ಹಿಂತಿರುಗುವಾಗ ಚಾಲಕರು ಇದನ್ನು ಸದಾ ನೆನಪಿಡಬೇಕು.

ಸರೋವರದ ಬಗೆಗೂ ಒಂದು ಮಾತು. ಸರ್ಫಿಂಗ್‌ನ ಅಲೆ ದಡಕ್ಕೆ ಬಡಿದರೆ ಮಣ್ಣು ಕೊಚ್ಚುತ್ತದೆ, ಕಟ್ಟಿದ ದೋಣಿಗಳು ಜಗ್ಗುತ್ತವೆ, ಆಳವಿಲ್ಲದ ಕಡೆ ತಳದ ಹೂಳು ಏಳುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಂಥ ದೋಣಿಗಳು ದಡದಿಂದ ಸುಮಾರು 150 ಮೀಟರ್ ದೂರವಾದರೂ ಇರಬೇಕೆಂದು ಸಲಹೆ ಮಾಡಿದ್ದಾರೆ. ನಿಮ್ಮ ಸರೋವರ ದೊಡ್ಡದಾದ್ದರಿಂದ ಅಷ್ಟು ಜಾಗ ಸಿಗುತ್ತದೆ ಎಂದುಕೊಳ್ಳುತ್ತೇನೆ. ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿಯನ್ನು ಒಯ್ಯುವವರಾದರೆ ತೊಟ್ಟಿಗಳನ್ನು ಪೂರ್ತಿ ಬರಿದುಮಾಡಿ ಒಣಗಿಸಿಯೇ ಒಯ್ಯಬೇಕು. ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿಯ ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಉಳಿದ ನೀರಿನಲ್ಲಿ ಸೇರಿಕೊಂಡು ಹೊಸ ಸರೋವರವನ್ನೇ ಆವರಿಸಬಲ್ಲವು.

ನಿಮ್ಮ ಆಯ್ಕೆಗೆ ನಿಜವಾಗಿ ಅಡ್ಡ ಬರುವುದು ಕಾರು. ಟ್ರೇಲರೂ ಸೇರಿದಂತೆ ಇಂದಿನ ವಿ-ಡ್ರೈವ್ ದೋಣಿಗಳಲ್ಲಿ ಹೆಚ್ಚಿನವು 2,000 ಕಿಲೊ ಮಿತಿಯೊಳಗೆ ಬರುವುದಿಲ್ಲ. ದೋಣಿಯನ್ನು ಸರೋವರದ ದಡದಲ್ಲಿಯೇ ಇರಿಸಲು ಸ್ಥಳ ದೊರೆಯುವುದಾದರೆ ಮಾತ್ರ ನನ್ನ ಸಲಹೆಯನ್ನು ಪರಿಗಣಿಸಿ.

ಉತ್ತರ: ಹಿರಿಯ ನಾವಿಕ

ಇಬ್ಬರೂ ಮಕ್ಕಳ ಕಡೆಯಿಂದ ಬರೆದಿದ್ದಾರೆ. ನಾನು ನಿಮ್ಮ ತಂದೆ-ತಾಯಿಯ ಕಡೆಯಿಂದ ಕೆಲವು ಮಾತು ಬರೆಯುತ್ತೇನೆ. ಮೊಣಕಾಲು ಬಗ್ಗದವರಿಗೆ ಬೌರೈಡರಿನ ಒಳಗೆ ಇಳಿಯುವುದು ಸುಲಭದ ಕೆಲಸವಲ್ಲ: ಅಂಚಿನ ಮೇಲೆ ಕಾಲಿಡಬೇಕು, ಆಸನದ ಮೇಲೆ ಇನ್ನೊಂದು ಕಾಲು, ಅಲ್ಲಿಂದ ಕೆಳಕ್ಕೆ. ಪಾಂಟೂನ್ ದೋಣಿಯಲ್ಲಿ ಗೇಟು ತೆರೆದು, ಕಟ್ಟೆಯಿಂದ ನೇರವಾಗಿ, ಕೋಣೆಯೊಂದನ್ನು ಹೊಕ್ಕಂತೆ ನಡೆದು ಹೋಗಬಹುದು. ಸುತ್ತಲೂ ಕಟಾಂಜನ, ಸಮತಟ್ಟಾದ ನೆಲ, ವಿಶಾಲವಾದ ನೆರಳು, ನಿಂತರೆ ಓಲಾಡದ ಸ್ಥಿರತೆ. ಮಿನ್ನೆಸೋಟದ ಆಂಬ್ರೋಸ್ ವೀರೆಸ್ ಎಂಬ ರೈತರು 1952ರಲ್ಲಿ ಉಕ್ಕಿನ ಪೀಪಾಯಿಗಳ ಮೇಲೆ ಹಲಗೆ ಹಾಸಿ ಮಾಡಿದ ದೋಣಿಯಿಂದ ಈ ಬಗೆ ಬಹಳ ದೂರ ಬಂದಿದೆ. ಮೂರು ಕೊಳವೆಗಳಿರುವ, 150 ಅಶ್ವಶಕ್ತಿಗೆ ಮೇಲ್ಪಟ್ಟ ಪಾಂಟೂನುಗಳು ಟ್ಯೂಬನ್ನೂ ಸ್ಕೀ ಮಾಡುವವರನ್ನೂ ನಿರಾಯಾಸವಾಗಿ ಎಳೆಯುತ್ತವೆ. ಅದರ ಹಿಂದಿನ ಅಲೆ ಚಿಕ್ಕದು, ನಿಮ್ಮ ಪತ್ನಿಯವರಿಗೆ ಅದು ಅನುಕೂಲವೇ.

ಮಗಳ ವೇಕ್‌ಬೋರ್ಡಿಂಗ್‌ಗೆ ಅದೇ ಕೊರತೆಯಾಗುತ್ತದೆ ಎಂಬುದನ್ನೂ ಹೇಳಬೇಕು. ಗಾಳಿಗೆ ಅಗಲವಾಗಿ ಮೈಯೊಡ್ಡುವ ದೋಣಿಯಾದ್ದರಿಂದ ಮಧ್ಯಾಹ್ನ ಕಟ್ಟೆಗೆ ತಂದು ಕಟ್ಟುವಾಗ ಅಭ್ಯಾಸ ಬೇಕು. ಟ್ರೇಲರಿನ ಮೇಲೆ ಅದು ಉದ್ದವೂ ಎತ್ತರವೂ ಆಗುತ್ತದೆ.

ಮತ್ತೆ ಬರೆದವರು: ತೀರದಾರಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಮನೆಯಲ್ಲಿ ಎಲ್ಲರೂ ಕೂಡಿ ಓದಿದೆವು. ದಡದಲ್ಲಿ ಇರಿಸಲು ನಮಗೆ ಸ್ಥಳವಿಲ್ಲದ ಕಾರಣ ಟ್ರೇಲರ್ ಅನಿವಾರ್ಯ. ನಾವು ಇಷ್ಟಪಟ್ಟ ಔಟ್‌ಬೋರ್ಡ್ ಬೌರೈಡರಿನ ತೂಕ ಎಂಜಿನ್ ಸೇರಿ 1,300 ಕಿಲೊ, ಟ್ರೇಲರ್ 400 ಕಿಲೊ. 120 ಲೀಟರ್ ಪೆಟ್ರೋಲಿನ ತೂಕ ಸುಮಾರು 90 ಕಿಲೊ, ಬ್ಯಾಟರಿ, ಲಂಗರು, ಬೋರ್ಡು ಮುಂತಾದವುಗಳಿಗೆ 100 ಕಿಲೊ ಹಿಡಿದರೆ ಒಟ್ಟು 1,890 ಕಿಲೊ ಆಗುತ್ತದೆ. ಮಿತಿಯೊಳಗಿದೆ, ಆದರೆ ತೀರಾ ಅಂಚಿನಲ್ಲಿದೆ.

ಮಗಳಿಗೆ ಚುಕ್ಕಾಣಿಯವರ ಮಾತನ್ನು ವಿವರಿಸಿದಾಗ, ಸರ್ಫಿಂಗನ್ನು ತರಬೇತಿ ಕೇಂದ್ರದಲ್ಲಿ ಕಲಿಯಲು ಅವಳು ಒಪ್ಪಿದಳು. ಹೊಸದಕ್ಕಿಂತ ಐದಾರು ವರ್ಷ ಬಳಸಿದ್ದನ್ನು ಕೊಂಡರೆ ಹೇಗೆ ಎಂಬ ಯೋಚನೆ ಈಗ ಬಂದಿದೆ. ಅಷ್ಟೇ ಉದ್ದದ ಸ್ಟರ್ನ್‌ಡ್ರೈವ್ ಬೌರೈಡರೂ ಜೆಟ್ ದೋಣಿಯೂ ಮಾರಾಟಕ್ಕಿವೆ. ಯಂತ್ರದ ದೃಷ್ಟಿಯಿಂದ ಇವುಗಳಲ್ಲಿ ಯಾವುದನ್ನು ನಂಬಬಹುದು?

ಉತ್ತರ: ಸ್ಪ್ಯಾನರ್

ದೋಣಿ ಎಂಜಿನುಗಳ ದುರಸ್ತಿ ನನ್ನ ವೃತ್ತಿ. ಮೂರನ್ನೂ ನಂಬಬಹುದು, ಹಿಂದಿನ ಮಾಲೀಕರು ಹೇಗೆ ನೋಡಿಕೊಂಡಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆದರೂ ಮನೆಬಳಕೆಗೆ, ಅದರಲ್ಲಿಯೂ ಟ್ರೇಲರಿನ ಮೇಲೆ ಓಡಾಡುವ ದೋಣಿಗೆ ನಾನು ಔಟ್‌ಬೋರ್ಡನ್ನೇ ಮೊದಲಿಗೆ ಹೇಳುತ್ತೇನೆ. ಎಂಜಿನ್ ಹೊರಗಿರುವುದರಿಂದ ಕೈಗೆ ಸಿಗುತ್ತದೆ, ಪೂರ್ತಿಯಾಗಿ ನೀರಿನಿಂದ ಮೇಲೆತ್ತಬಹುದು, ನೆಟ್ಟಗೆ ನಿಲ್ಲಿಸಿದರೆ ಒಳಗಿನ ನೀರು ತಾನಾಗಿ ಇಳಿದುಹೋಗುತ್ತದೆ. ನೀರು ಹೆಪ್ಪುಗಟ್ಟುವ ಚಳಿಗಾಲವಿರುವ ಕಡೆ ಈ ಕೊನೆಯ ಗುಣವೊಂದೇ ಎಷ್ಟೋ ಎಂಜಿನುಗಳನ್ನು ಉಳಿಸಿದೆ. ಒಳಗೆ ನಿಂತ ನೀರು ಮಂಜುಗಡ್ಡೆಯಾಗಿ ಹಿಗ್ಗಿದರೆ ಎರಕದ ಕಬ್ಬಿಣದ ಎಂಜಿನ್ನಿನ ಮೈಯೇ ಬಿರಿಯುತ್ತದೆ.

ಸ್ಟರ್ನ್‌ಡ್ರೈವ್‌ನ ಲಾಭವೆಂದರೆ ಹಿಂಬದಿಯ ಜಗಲಿ ಅಡ್ಡಿಯಿಲ್ಲದೆ ಅಗಲವಾಗಿ ಸಿಗುತ್ತದೆ, ಮಕ್ಕಳಿಗೆ ಅದು ಪ್ರಿಯ. ಆದರೆ ದೋಣಿಯ ಹಿಂಗೋಡೆಯನ್ನು ಕೊರೆದು ಕೂರಿಸಿದ ಆ ಘಟಕದಲ್ಲಿ ನೀರನ್ನು ತಡೆಯುವುದು ಮಡಿಕೆಮಡಿಕೆಯಾದ ರಬ್ಬರಿನ ತಿದಿ. ಅದು ಹಳೆಯದಾಗಿ ಸೀಳಿದರೆ ನೀರು ಬೇರಿಂಗುಗಳಿಗೆ ಹೋಗುತ್ತದೆ, ದೋಣಿಯೊಳಗೂ ಬರುತ್ತದೆ. ಕಟ್ಟಿದಲ್ಲಿಯೇ ಮುಳುಗಿದ ದೋಣಿಗಳುಂಟು. ಕೊಳ್ಳುವ ಮುನ್ನ ಆ ರಬ್ಬರನ್ನು ಯಾವಾಗ ಬದಲಾಯಿಸಿದರು ಎಂಬುದಕ್ಕೆ ರಸೀದಿ ಕೇಳಿ. ಎಂಜಿನ್ ಮುಚ್ಚಿದ ಪೆಟ್ಟಿಗೆಯೊಳಗಿರುವುದರಿಂದ ಪೆಟ್ರೋಲಿನ ಆವಿ ಅಲ್ಲಿ ಸೇರಬಹುದು. ಆ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಆದ್ದರಿಂದ ಪ್ರತಿ ಸಲವೂ ಎಂಜಿನ್ ಹೊತ್ತಿಸುವ ಮುನ್ನ ಆ ಆವಿಯನ್ನು ಹೊರದೂಡುವ ಬ್ಲೋಯರ್ ಫ್ಯಾನನ್ನು ಕನಿಷ್ಠ 4 ನಿಮಿಷ ಓಡಿಸಬೇಕು. ವಿ-ಡ್ರೈವ್‌ಗೂ ಇದೇ ನಿಯಮ.

ಜೆಟ್‌ನಲ್ಲಿ ಒಳಾವರಣ ವಿಶಾಲ, ತಳಕ್ಕೆ ತಗಲುವ ಪ್ರೊಪೆಲ್ಲರಿಲ್ಲ. ಆದರೆ ಅದು ನೀರನ್ನು ಹೀರಿ ಹಿಂದಕ್ಕೆ ಚಿಮ್ಮುವ ಯಂತ್ರ. ಆಳವಿಲ್ಲದ ಕಡೆ ಓಡಿಸಿದರೆ ಮರಳು, ಕಲ್ಲು, ಜೊಂಡು ಎಲ್ಲವನ್ನೂ ಒಳಗೆಳೆದುಕೊಳ್ಳುತ್ತದೆ. ಎಳೆಯುವ ಹಗ್ಗವನ್ನೂ ಬಿಡುವುದಿಲ್ಲ. ಹೊಸಬರು ಮುಖ್ಯವಾಗಿ ತಿಳಿಯಬೇಕಾದದ್ದು ಇನ್ನೊಂದು: ಜೆಟ್ ದೋಣಿ ತಿರುಗುವುದು ಚಿಮ್ಮುವ ನೀರಿನ ಬಲದಿಂದಲೇ. ಗಾಬರಿಯಲ್ಲಿ ಥ್ರಾಟಲನ್ನು ಪೂರ್ತಿ ಇಳಿಸಿದರೆ ತಿರುಗಿಸುವ ಶಕ್ತಿಯೂ ಬಹುಮಟ್ಟಿಗೆ ಹೋಗುತ್ತದೆ. ಸರದಿಯಂತೆ ಹಲವರು ನಡೆಸುವ ಮನೆಯ ದೋಣಿಗೆ ಇದು ಸಣ್ಣ ವಿಷಯವಲ್ಲ.

ಬಳಸಿದ ದೋಣಿಯನ್ನು ನೋಡಲು ಹೋದಾಗ ಹೊಳಪಿಗೆ ಮರುಳಾಗಬೇಡಿ. ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ಎಲ್ಲರೂ ಕೇಳುತ್ತಾರೆ. ವಿಹಾರದ ದೋಣಿ ವರ್ಷಕ್ಕೆ 50ರಿಂದ 100 ಗಂಟೆ ಓಡುವುದು ಸಾಮಾನ್ಯ. ಆರು ವರ್ಷದಲ್ಲಿ 400 ಗಂಟೆ ಓಡಿ, ಕಾಲಕಾಲಕ್ಕೆ ಸರ್ವಿಸ್ ಆದ ಎಂಜಿನ್, 60 ಗಂಟೆ ಮಾತ್ರ ಓಡಿ ಶೆಡ್ಡಿನಲ್ಲಿ ಮರೆತುಹೋದ ಎಂಜಿನ್ನಿಗಿಂತ ಮೇಲು. ಗೇರಿನ ಎಣ್ಣೆಯನ್ನು ಸ್ವಲ್ಪ ಇಳಿಸಿ ನೋಡಿ: ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಎಲ್ಲ ಸಿಲಿಂಡರುಗಳ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಅಳೆಸಿ. ಒಂದಕ್ಕೊಂದು ಶೇಕಡಾ 10ಕ್ಕಿಂತ ಹೆಚ್ಚು ಅಂತರವಿದ್ದರೆ ಕಾರಣ ತಿಳಿಯದೆ ಮುಂದುವರಿಯಬೇಡಿ. ಈಚಿನ ಎಂಜಿನುಗಳ ಗಣಕಕ್ಕೆ ಲ್ಯಾಪ್‌ಟಾಪ್ ಜೋಡಿಸಿದರೆ ಯಾವ ವೇಗದಲ್ಲಿ ಎಷ್ಟು ಗಂಟೆ ಓಡಿದೆ ಎಂಬುದೂ ದೊರೆಯುತ್ತದೆ. ನೆಲದ ಮೇಲೆ ನಡೆದಾಡಿ, ಎಲ್ಲಾದರೂ ಮೆತ್ತಗೆ ತಗ್ಗುತ್ತದೆಯೇ ನೋಡಿ. ಹಿಂಗೋಡೆಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿ: ಗಟ್ಟಿಯಾದ ಕಡೆ ಖಣಿಲೆನ್ನುತ್ತದೆ, ಒಳಗಿನ ಮರ ಕೊಳೆತ ಕಡೆ ಸದ್ದು ಮಂಕಾಗುತ್ತದೆ. ಎಂಜಿನ್ ಕೆಟ್ಟರೆ ಬದಲಾಯಿಸಬಹುದು, ಹಿಂಗೋಡೆ ಕೊಳೆತರೆ ಆ ದೋಣಿಯನ್ನು ಬಿಟ್ಟುಬಿಡುವುದೇ ಸರಿ.

ಲೋಹದ ಭಾಗಗಳ ಸವೆತವನ್ನು ತಾನು ವಹಿಸಿಕೊಳ್ಳುವ ಆನೋಡ್ ಎಂಬ ತುಂಡುಗಳನ್ನೂ ಪರೀಕ್ಷಿಸಿ. ಸಿಹಿನೀರಿಗೆ ಮೆಗ್ನೀಷಿಯಂನದು, ಉಪ್ಪುನೀರಿಗೆ ಸತುವಿನದು, ಎರಡಕ್ಕೂ ಓಡಾಡುವ ದೋಣಿಗೆ ಅಲ್ಯೂಮಿನಿಯಂನದು. ಸಮುದ್ರದಲ್ಲಿ ಓಡಿದ ದೋಣಿಯನ್ನು ನಿಮಗೆ ಮಾರುತ್ತಿದ್ದರೆ ಈ ತುಂಡುಗಳೂ ತಂಪುಗೊಳಿಸುವ ನೀರಿನ ಕೊಳವೆಗಳ ಬಾಯಿಗಳೂ ಅದನ್ನು ಹೇಳಿಬಿಡುತ್ತವೆ.

ಉತ್ತರ: ಹಗ್ಗದ ತುದಿ

ನಾನು ಮಕ್ಕಳಿಗೆ ಸ್ಕೀಯಿಂಗ್ ಮತ್ತು ವೇಕ್‌ಬೋರ್ಡಿಂಗ್ ಕಲಿಸುತ್ತೇನೆ. ದೋಣಿಯ ಬಗ್ಗೆ ಬೇಕಾದಷ್ಟು ಚರ್ಚೆಯಾಗಿರುವುದರಿಂದ, ಆ ದೋಣಿಯ ಜೊತೆಗೇ ನಿರ್ಧರಿಸಬೇಕಾದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಟವರಿಗೆ ಟ್ಯೂಬನ್ನು ಕಟ್ಟಬೇಡಿ. ಟವರ್ ಒಬ್ಬ ವೇಕ್‌ಬೋರ್ಡರನ್ನು ಎಳೆಯಲು ಮಾಡಿದ್ದು. ಟ್ಯೂಬು ನೀರಿಗೆ ಮೂಗು ಹೂತರೆ ಬೀಳುವ ಜಗ್ಗು ಅದಕ್ಕಿಂತ ಎಷ್ಟೋ ಹೆಚ್ಚು, ಆ ಎತ್ತರದಿಂದ ದೋಣಿಯನ್ನೇ ವಾಲಿಸಬಲ್ಲದು. ಟ್ಯೂಬಿಗೆ ಹಿಂಗೋಡೆಯ ಕೆಳಗಿನ ಕೊಂಡಿಯೇ ಸರಿ. ಹಗ್ಗವೂ ಬೇರೆಯೇ ಬೇಕು: ಒಬ್ಬರ ಟ್ಯೂಬಿಗೆ ಕನಿಷ್ಠ 680 ಕಿಲೊ, ಇಬ್ಬರದಕ್ಕೆ ಸುಮಾರು 1,080 ಕಿಲೊ, ನಾಲ್ವರದಕ್ಕೆ 1,860 ಕಿಲೊ ಜಗ್ಗನ್ನು ತಡೆಯುವಂಥದು, ಉದ್ದ 15ರಿಂದ 20 ಮೀಟರ್. ಸ್ಕೀಯಿಂಗ್‌ನ ಹಗ್ಗದಲ್ಲಿ ಟ್ಯೂಬನ್ನು ಎಳೆದರೆ ಅದು ತುಂಡಾಗಿ ಚಾಟಿಯಂತೆ ದೋಣಿಯೊಳಕ್ಕೆ ಬರುತ್ತದೆ. 10 ವರ್ಷದ ಮಗುವಿರುವಾಗ ವೇಗ 25 ಕಿಲೊಮೀಟರನ್ನು ದಾಟದಿರಲಿ. ತಿರುವಿನಲ್ಲಿ ಟ್ಯೂಬಿನ ವೇಗ ದೋಣಿಯ ವೇಗಕ್ಕಿಂತ ಹೆಚ್ಚಾಗುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ.

ಆಟವಾಡುವವರಿಗೆ 50 ನ್ಯೂಟನ್ ತೇಲುಬಲದ, ಮೈಗೆ ಬಿಗಿಯಾಗಿ ಕೂರುವ, ಫೋಮಿನ ಜಾಕೆಟ್ಟು ಬೇಕು. ಬಿದ್ದಾಗ ತಾನಾಗಿ ಗಾಳಿ ತುಂಬಿಕೊಳ್ಳುವ ಜಾಕೆಟ್ಟು ಈ ಆಟಗಳಿಗೆ ಸಲ್ಲದು. ಆದರೆ 50 ನ್ಯೂಟನ್ನಿನದು ಈಜು ಬಲ್ಲವರಿಗೆ ಮಾತ್ರ. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವ ಗುಣ ಅದಕ್ಕಿಲ್ಲ. ಈಜು ಬಾರದ ಹಿರಿಯರಿಗೆ 100 ನ್ಯೂಟನ್ ಅಥವಾ ಅದಕ್ಕೆ ಮೇಲ್ಪಟ್ಟದ್ದನ್ನು ಕೊಡಿ.

ಚಾಲಕರ ಮೈಗೆ ಎಂಜಿನ್ ನಿಲ್ಲಿಸುವ ಬಳ್ಳಿಯನ್ನು ಸದಾ ಸಿಕ್ಕಿಸಿರಬೇಕು. ಚಾಲಕರಲ್ಲದೆ ಇನ್ನೊಬ್ಬ ವಯಸ್ಕರು ಹಿಂದಕ್ಕೆ ಮುಖಮಾಡಿ ಕುಳಿತು, ಆಡುವವರನ್ನೇ ನೋಡುತ್ತಿರಬೇಕು. ಬಿದ್ದವರನ್ನು ಚಾಲಕರ ಬದಿಗೆ ಬರುವಂತೆ ಸುತ್ತಿಬಂದು ಕರೆದುಕೊಳ್ಳಿ, ಅವರು ಜಗಲಿಯನ್ನು ಮುಟ್ಟುವ ಮುನ್ನ ಎಂಜಿನ್ ಪೂರ್ತಿ ನಿಂತಿರಲಿ. ಗೇರನ್ನು ತಟಸ್ಥಕ್ಕೆ ತಂದರೆ ಸಾಲದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು, ಮೂಗಿಗೆ ತಿಳಿಯದ್ದು. ಎಂಜಿನ್ ಓಡುತ್ತಿರುವಾಗ ಕಾರ್ಬನ್ ಮೊನಾಕ್ಸೈಡ್ ದೋಣಿಯ ಹಿಂಬದಿಯಲ್ಲಿ ಸೇರುತ್ತದೆ. ನಿಧಾನವಾಗಿ ಚಲಿಸುವಾಗ ಅದು ಒಳಕ್ಕೂ ಹಿಮ್ಮರಳುತ್ತದೆ. ಎಂಜಿನ್ ಚಾಲೂ ಇರುವಾಗ ಯಾರೂ ಹಿಂಬದಿಯ ಜಗಲಿಯ ಮೇಲೆ ಕೂರಬಾರದು, ಅದನ್ನು ಹಿಡಿದುಕೊಂಡು ನೀರಿನಲ್ಲಿ ಎಳೆಸಿಕೊಳ್ಳಬಾರದು. ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಿದಾಗ ಅದನ್ನು ಅಲೆಯ ಓಲಾಟದಿಂದ ಬಂದದ್ದೆಂದು ಭಾವಿಸಿ ಹಿರಿಯರನ್ನು ಅಲ್ಲಿಯೇ ಮಲಗಿಸಬೇಡಿ, ಕೂಡಲೇ ಎಂಜಿನ್ ನಿಲ್ಲಿಸಿ ಶುದ್ಧ ಗಾಳಿಗೆ ಕರೆತನ್ನಿ.

ಮತ್ತೆ ಉತ್ತರ: ಚುಕ್ಕಾಣಿ

ಸ್ಪ್ಯಾನರ್ ಮತ್ತು ಹಗ್ಗದ ತುದಿಯವರು ಹೇಳಿದ ಮೇಲೆ ನನಗೆ ಉಳಿದಿರುವುದು ಎರಡೇ ಮಾತು. ಮೊದಲನೆಯದು ತೂಕ. 1,890 ಕಿಲೊ ಎಂಬುದು ನಿಮ್ಮ ಅಂದಾಜು. ಕೊಳ್ಳುವ ಮುನ್ನ ದೋಣಿಯನ್ನು ಟ್ರೇಲರ್ ಸಮೇತ ತೂಕದ ಸೇತುವೆಯ ಮೇಲೆ ನಿಲ್ಲಿಸಿ ನಿಜವಾದ ಅಂಕಿಯನ್ನು ಪಡೆಯಿರಿ. ತಯಾರಕರು ಕೊಡುವ ತೂಕದಲ್ಲಿ ಟವರು, ಎರಡನೆಯ ಬ್ಯಾಟರಿ, ಮೇಲುಹೊದಿಕೆ ಮುಂತಾದವು ಅನೇಕ ವೇಳೆ ಸೇರಿರುವುದಿಲ್ಲ. ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ಹೊರಟು ಸರೋವರದ ಬಳಿ ತುಂಬಿಸಿಕೊಂಡರೆ 45 ಕಿಲೊ ಉಳಿಯುತ್ತದೆ.

ಎರಡನೆಯದು ಪರೀಕ್ಷೆಯ ಓಟ. ಮಾರುವವರು ಸಾಮಾನ್ಯವಾಗಿ ಬೆಳಗಿನ ಶಾಂತ ನೀರಿನಲ್ಲಿ, ಇಬ್ಬರನ್ನು ಕೂರಿಸಿಕೊಂಡು ಓಡಿಸಿ ತೋರಿಸುತ್ತಾರೆ. ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. 6 ಮಂದಿಯೂ ಹೋಗಿ, ಗಾಳಿ ಎದ್ದ ಮಧ್ಯಾಹ್ನವೇ ಹೋಗಿ. ನಿಮ್ಮ ತಾಯಿಯವರು ಯಾರ ಕೈಯನ್ನೂ ಹಿಡಿಯದೆ ಹತ್ತಲು, ನೆರಳಿನಲ್ಲಿ ಕುಳಿತುಕೊಳ್ಳಲು ಆಗುತ್ತದೆಯೇ ನೋಡಿ. ಎಲ್ಲರೂ ಕುಳಿತಿರುವಾಗ, ಮಗಳನ್ನು ಹಗ್ಗದ ತುದಿಯಲ್ಲಿಟ್ಟುಕೊಂಡು, ದೋಣಿ ಎಷ್ಟು ಬೇಗ ನೀರಿನ ಮೇಲಕ್ಕೇರಿ ಸಮತಟ್ಟಾಗುತ್ತದೆ ಎಂಬುದನ್ನು ಗಮನಿಸಿ. ಮುಂಭಾಗ ಬಹಳ ಹೊತ್ತು ಆಕಾಶ ನೋಡುತ್ತಿದ್ದರೆ ಪ್ರೊಪೆಲ್ಲರನ್ನು ಕಡಿಮೆ ಪಿಚ್ಚಿನದಕ್ಕೆ, ಅಂದರೆ ಒಂದು ಸುತ್ತಿಗೆ ಕಡಿಮೆ ದೂರ ತಳ್ಳುವುದಕ್ಕೆ, ಬದಲಾಯಿಸಿ ಮತ್ತೊಮ್ಮೆ ಓಡಿಸಲು ಕೇಳಿ. ಗರಿಷ್ಠ ವೇಗ ತುಸು ಇಳಿದರೂ ಎಳೆತ ಚುರುಕಾಗುತ್ತದೆ. ಆಗಲೂ ತಿಣುಕುತ್ತಿದ್ದರೆ ಆ ದೋಣಿಗೆ ಎಂಜಿನ್ ಸಾಲದು, ಫಲಕದಲ್ಲಿ ನಮೂದಿಸಿರುವ ಗರಿಷ್ಠ ಅಶ್ವಶಕ್ತಿಗೆ ಹತ್ತಿರವಿರುವ ಎಂಜಿನ್ನಿನ ಇನ್ನೊಂದು ದೋಣಿಯನ್ನು ಹುಡುಕಿ.